ಧರ್ಮವೊಳಲಿನಲ್ಲಿ ಒಂದು ಊಟ

ಪರಸ್ಥಳಕ್ಕೆ ಹೋದವನು ಮೊದಲು ದೇವರ ದರ್ಶನ ಮಾಡಿ ಆಮೇಲೆ ಊಟದ ಯೋಚನೆ ಮಾಡಬೇಕೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ಕ್ರಮ. ನಾನು ಆ ಕ್ರಮವನ್ನು ಗದಗಿನಲ್ಲಿ ಇಳಿದ ಅರ್ಧ ಗಂಟೆಯಲ್ಲೇ ಮುರಿದೆ. ಕಾರಣ, ಬಸ್ ನಿಲ್ದಾಣದ ಸಮೀಪದ ಒಂದು ಅಂಗಡಿಯಿಂದ ಬರುತ್ತಿದ್ದ ಮಿರ್ಚಿ ಭಜಿಯ ವಾಸನೆ. ಹಳೆಯ ವೃತ್ತಪತ್ರಿಕೆಯ ತುಂಡಿನ ಮೇಲೆ ಒಂದು ಗುಡ್ಡೆ ಗಿರ್ಮಿಟ್, ಅದರ ಪಕ್ಕದಲ್ಲಿ ಹೊಗೆಯಾಡುವ ಎರಡು ಮಿರ್ಚಿ. ಮೊದಲನೆಯದು ಹೊಟ್ಟೆಗಿಳಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಎರಡನೆಯದು ಮುಗಿಯುವಷ್ಟರಲ್ಲಿ ಸಾಹಿತ್ಯ ಬಂತು. ಜೇಬಿನ ಪುಸ್ತಕ ತೆಗೆದು ಹೀಗೆ ಬರೆದೆ: "ಇದು ಚಾಲುಕ್ಯರ ನೆಲದ ರುಚಿ. ಸಾವಿರ ವರ್ಷದಿಂದ ಈ ನಾಡು ತಿಂದ ಖಾರ."

ವಾಕ್ಯ ಚೆನ್ನಾಗಿದೆಯೆಂದು ನನಗೇ ಅನ್ನಿಸಿತು. ಊರಿಗೆ ಹೋದ ಮೇಲೆ ಎಲ್ಲಾದರೂ ಉಪಯೋಗಿಸಬಹುದೆಂದು ಪುಸ್ತಕವನ್ನು ಜೇಬಿಗೆ ಹಾಕಿ ಡಂಬಳದ ಬಸ್ ಹತ್ತಿದೆ.

ಗದಗಿನಿಂದ ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರು. ಎರೆಹೊಲಗಳು, ದೂರದಲ್ಲಿ ಕಪ್ಪತಗುಡ್ಡದ ಸಾಲು. ಇಂದು ಮುಂಡರಗಿ ತಾಲ್ಲೂಕಿಗೆ ಸೇರಿದ ಈ ಊರನ್ನು ನೋಡಿದವರು ದೊಡ್ಡದೊಂದು ಹಳ್ಳಿಯೆಂದು ಮುಂದೆ ಹೋದರೆ ತಪ್ಪಿಲ್ಲ. ಆದರೆ ಒಂದು ಕಾಲಕ್ಕೆ ಇದು ಪಟ್ಟಣ. ಶಾಸನಗಳು ಇದನ್ನು ಧರ್ಮಪುರವೆಂದೂ ಧರ್ಮವೊಳಲ್ ಎಂದೂ ಕರೆಯುತ್ತವೆ. ಪೊಳಲ್ ಎಂದರೆ ಹಳಗನ್ನಡದಲ್ಲಿ ಪಟ್ಟಣವೇ ತಾನೆ? 1858ರಲ್ಲಿ ಮುಂಡರಗಿ ಭೀಮರಾಯರು ಆಂಗ್ಲರ ವಿರುದ್ಧ ಎದ್ದು ಕೊಪ್ಪಳದ ಕೋಟೆಯತ್ತ ಸಾಗಿದಾಗ ದಾರಿಯಲ್ಲಿ ಲಗ್ಗೆ ಹಾಕಿದ್ದು ಡಂಬಳದ ಸರಕಾರಿ ಖಜಾನೆಗೆ. ಖಜಾನೆಯಿಡುವಷ್ಟು ದೊಡ್ಡಸ್ತಿಕೆ ಅಲ್ಲಿಯವರೆಗೂ ಉಳಿದಿತ್ತೆಂದಾಯಿತು.

ದೊಡ್ಡಬಸಪ್ಪನ ಗುಡಿಯನ್ನು ವರ್ಣಿಸುವ ಸಾಹಸ ಮಾಡುವುದಿಲ್ಲ. ಗರ್ಭಗುಡಿಯ ತಳವಿನ್ಯಾಸ 24 ಕೋನಗಳ ನಕ್ಷತ್ರ. ಕುಶಲಿಗಳು ಚೌಕವನ್ನು ಬಿಟ್ಟು, ಬಿಟ್ಟೂ ಬಿಡದೆ, ಕಲ್ಲನ್ನು ತಿರುಗಿಸುತ್ತಾ ತಿರುಗಿಸುತ್ತಾ ಕೊನೆಗೆ ಗುಡಿಯೇ ಉರುಟಾಗಿ ಕಾಣುವಂತೆ ಮಾಡಿದ್ದಾರೆ. ಬಿಸಿಲೇರಿದಂತೆ ಆ ಕೋನಗಳ ನೆರಳು ಒಂದರ ಮೇಲೊಂದು ಬೀಳುತ್ತದೆ. ಒಳಗಿರುವ ಭಾರಿ ಬಸವನಿಂದಲೇ ಗುಡಿಗೆ ಆ ಹೆಸರು. ಇದು 12ನೆಯ ಶತಮಾನದ ಕೆಲಸ.

ನನ್ನ ಮನಸ್ಸಿನಲ್ಲಿದ್ದುದು ಇದಕ್ಕಿಂತ ಸ್ವಲ್ಪ ಹಿಂದಿನ ಸಂಗತಿ. 1095ರಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅವನ ಪಟ್ಟಮಹಿಷಿ ಲಕ್ಷ್ಮಾದೇವಿ ಹದಿನೆಂಟು ಅಗ್ರಹಾರಗಳನ್ನೂ ಈ ಧರ್ಮಪುರವನ್ನೂ ಆಳುತ್ತಿದ್ದಳು. ಆ ವರ್ಷದ ಒಂದು ಶಾಸನ ಇಲ್ಲಿ ಸಿಕ್ಕಿದೆ. ಫ್ಲೀಟರು ಅದನ್ನು 1881ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಅದರಲ್ಲಿ ಸ್ತುತಿಸಲ್ಪಟ್ಟ ದೇವತೆ ಬೌದ್ಧರ ತಾರಾದೇವಿ. ಧರ್ಮವೊಳಲಿನ ಹದಿನಾರು ಮಂದಿ ಸೆಟ್ಟಿಗಳು ಬುದ್ಧನಿಗೊಂದು ವಿಹಾರ ಕಟ್ಟಿಸಿದ್ದರು; ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿ ಆರ್ಯತಾರಾದೇವಿಗೆ ಇನ್ನೊಂದನ್ನು ಕಟ್ಟಿಸಿದ್ದ. ಕನ್ನಡನಾಡಿನಲ್ಲಿ ಬೌದ್ಧಧರ್ಮ ಬಹುಮಟ್ಟಿಗೆ ಮರೆಯಾಗುತ್ತಿದ್ದ ಕಾಲದಲ್ಲಿ ವ್ಯಾಪಾರಿಗಳು ಅದನ್ನು ಹೀಗೆ ಕೈಹಿಡಿದು ನಡೆಸಿದ ಊರು ಇದು.

ವಿಹಾರವೆಂದ ಮೇಲೆ ಭಿಕ್ಷುಗಳು, ಭಿಕ್ಷುಗಳೆಂದ ಮೇಲೆ ಹಸಿವು. ಅವರ ನಿಯಮದಂತೆ ಮಧ್ಯಾಹ್ನ ದಾಟಿದರೆ ಊಟವಿಲ್ಲ. ಗುಡಿ, ಜಪದ ಬಾವಿ ಎಲ್ಲ ನೋಡಿ ಮುಗಿಸುವಾಗ ನನ್ನ ಗಡಿಯಾರದಲ್ಲಿ ಎರಡು ಗಂಟೆ. ಭಿಕ್ಷುವಾಗಿದ್ದರೆ ಅಂದು ಉಪವಾಸವೇ ಗತಿ. ಗೃಹಸ್ಥನಾದ್ದರಿಂದ ವಿಚಾರಿಸುತ್ತಾ ಹೋಗಿ ಒಂದು ಚಿಕ್ಕ ಖಾನಾವಳಿ ಸೇರಿದೆ. ವಯಸ್ಸಾದ ಹೆಂಗಸೊಬ್ಬಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ, ಕೂಡ್ರಿ. ಬಿಸಿ ರೊಟ್ಟಿ ಅದಾವ," ಎಂದು ತಾಟು ಮುಂದಿಟ್ಟಳು.

ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಹೆಸರುಕಾಳಿನ ಪಲ್ಯ, ಒಂದು ಕಡೆ ಶೇಂಗಾ ಚಟ್ನಿ, ಇನ್ನೊಂದು ಕಡೆ ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಮೇಲೆ ಗಟ್ಟಿ ಮೊಸರು. ಜೊತೆಗೆ ಹೊಲದಿಂದ ಆಗತಾನೆ ಕಿತ್ತು ತಂದ ಹಕ್ಕರಕಿ ಸೊಪ್ಪು, ಉಳ್ಳಾಗಡ್ಡಿ. ಪಟ್ಟಣದ ಹೋಟೆಲುಗಳಲ್ಲಿ 'ಉತ್ತರ ಕರ್ನಾಟಕ ಊಟ' ಎಂಬ ಫಲಕ ಹಾಕಿ ಬಡಿಸುವುದಕ್ಕೂ ಇದಕ್ಕೂ ಇರುವ ಅಂತರವನ್ನು ಆ ಹಕ್ಕರಕಿಯ ಕಹಿಯೇ ಹೇಳುತ್ತದೆ. ಆ ಸೊಪ್ಪು ಬಸ್ಸು ಹತ್ತಿ ದೂರ ಬರುವಂಥದಲ್ಲ. ಬಂದರೂ ಬಾಡಿ ಬರುತ್ತದೆ.

ಎರಡನೆಯ ರೊಟ್ಟಿಯ ಹೊತ್ತಿಗೆ ನನಗೆ ಬೆಳಿಗ್ಗೆ ಬರೆದ ವಾಕ್ಯ ನೆನಪಾಯಿತು. ನೆನಪಾದೊಡನೆ ಗಂಟಲಲ್ಲಿ ಸಿಕ್ಕಿಕೊಂಡಿತು. ಹದಿನಾರು ಸೆಟ್ಟಿಗಳ ಮನೆಯಲ್ಲಿ ಈ ತಾಟು ಹೇಗಿದ್ದೀತು? ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂದಿಳಿದದ್ದು 16ನೆಯ ಶತಮಾನದಲ್ಲಿ. ಶೇಂಗಾ ದಕ್ಷಿಣ ಅಮೆರಿಕದ್ದು. ಅದೂ ಆ ಬಳಿಕವೇ ಬಂದದ್ದು. ನನ್ನ 'ಚಾಲುಕ್ಯರ ಖಾರ'ವನ್ನು ಚಾಲುಕ್ಯರಾರೂ ಕಣ್ಣಾರೆ ಕಂಡವರಲ್ಲ! ಇಷ್ಟು ಸಾಮಾನ್ಯ ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಮಿರ್ಚಿ ಬಾಯಲ್ಲಿದ್ದಾಗ ಇತಿಹಾಸ ಮರೆತುಹೋಗುತ್ತದೆ, ಅಷ್ಟೆ.

ಆ ಕಾಲದ ಅಡುಗೆಯ ಸುದ್ದಿ ನಮಗೆ ಸ್ವಲ್ಪ ತಿಳಿದಿದೆ. ಶಾಸನಕ್ಕೆ ಸುಮಾರು 70 ವರ್ಷ ಮುಂಚೆ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಪಾಕದ ಭಾಗವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಅರೆದು ಇಡ್ಡಲಿಗೆ ಮಾಡುವ ಕ್ರಮ ಅಲ್ಲಿ ಬರುತ್ತದೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವಂತೂ ಅರಸನ ಭೋಜನಶಾಲೆಯ ಬಾಗಿಲನ್ನೇ ತೆರೆದಿಡುತ್ತದೆ. ಅಲ್ಲಿ ಮಂಡಕವಿದೆ, ದೋಸಕವಿದೆ, ವಡೆಯಿದೆ. ಸಸ್ಯಾಹಾರಿ ಓದುಗರು ಕ್ಷಮಿಸಬೇಕು, ಸುಟ್ಟ ಹೊಲದ ಇಲಿಯೂ ಇದೆ. ಒಗ್ಗರಣೆಗೆ ಇಂಗು, ಜೀರಿಗೆ, ಖಾರಕ್ಕೆ ಮೆಣಸು. ಅರಸನ ಪುಸ್ತಕದಲ್ಲಿರುವುದು ಅರಸನ ಊಟ. ಈ ಎರೆಯಲ್ಲಿ ಗಳೆ ಹೊಡೆದವನ ಬುತ್ತಿಯನ್ನು ಯಾರೂ ಶ್ಲೋಕದಲ್ಲಿ ಕಟ್ಟಲಿಲ್ಲ.

ನಾನು ತಿನ್ನುವುದನ್ನು ನಿಲ್ಲಿಸಿ ಬರೆಯುವುದನ್ನು ಕಂಡು ಅಜ್ಜಿಗೆ ಅನುಮಾನ ಬಂತು. "ಏನ್ ಬರಕೋಳಾಕತ್ತೀರಿ? ಉಪ್ಪು ಹೆಚ್ಚಾಗೇತೇನ್ರಿ?"

"ಇಲ್ಲಮ್ಮ. ಈ ಗುಡಿ ಕಟ್ಟಿದ ಕಾಲದಲ್ಲಿ ಮೆಣಸಿನಕಾಯಿಯೇ ಇರಲಿಲ್ಲವಲ್ಲ, ಅದನ್ನು ಬರೆಯುತ್ತಿದ್ದೆ."

"ಹಂಗಾರ ಅವರು ಖಾರಕ್ಕ ಏನ್ ಹಾಕ್ತಿದ್ರು?"

"ಮೆಣಸಿನಕಾಳು."

ಆಕೆ ನಕ್ಕಳು. "ಅದು ನೆಗಡಿ ಆದಾಗ ಕಷಾಯಕ್ಕ ಹಾಕೂದಲ್ರೀ? ಅದರಿಂದ ರೊಟ್ಟಿ ಹೆಂಗ್ ಇಳೀತಿತ್ತೋ ಗಂಟಲದಾಗ!"

ಆಕೆಯ ಮಾತಿನಲ್ಲಿ ಒಂದು ರಾಜ್ಯ ಉರುಳಿದ ಕಥೆಯೇ ಇದೆ. ಮೆಣಸಿಗಾಗಿ ಅರಬರೂ ಯುರೋಪಿನವರೂ ಸಮುದ್ರ ದಾಟಿದರು. ನಮ್ಮ ಸೆಟ್ಟಿಗಳು ಅದನ್ನು ಹೇರಿಕೊಂಡು ಹಾದಿ ನಡೆದರು. ಹೊಸದಾಗಿ ಬಂದ ಕಾಯಿಗೆ ಹೆಸರಿರಲಿಲ್ಲವೆಂದು ಮೆಣಸೇ ತನ್ನ ಹೆಸರನ್ನು ಎರವಲು ಕೊಟ್ಟಿತು. ಖಾರವಾದ್ದರಿಂದ ಅದು ಮೆಣಸಿನ ಕಾಯಿ. ಎರವಲು ಪಡೆದವನು ಮನೆಯ ಯಜಮಾನನಾದ; ಕೊಟ್ಟವನು 'ಕರಿಮೆಣಸು' ಎಂಬ ಗುರುತಿನ ಚೀಟಿ ಹಿಡಿದು ಕಷಾಯದ ಪಾತ್ರೆಯ ಪಕ್ಕದಲ್ಲಿ ನಿಂತ. ಶೇಂಗಾವೂ ಹೀಗೆಯೇ. ನಮ್ಮ ಕಡೆ ಅದನ್ನು ಕಡಲೆಕಾಯಿ ಎನ್ನುತ್ತೇವೆ. ಕಡಲೆಯ ಹೆಸರು ಹೊತ್ತು ಬಂದು ಕಡಲೆಗಿಂತ ದೊಡ್ಡದಾಯಿತು.

ಹಾಗಾದರೆ ಹಳೆಯದೆಂದು ಉಳಿದದ್ದು ರೊಟ್ಟಿ ಮತ್ತು ಗುರೆಳ್ಳು ಎಂದು ಸಮಾಧಾನ ತಂದುಕೊಳ್ಳಲು ಹೋದೆ. ಅಲ್ಲಿಯೂ ನೆಲೆ ಸಿಗಲಿಲ್ಲ. ಜೋಳದ ತವರು ಆಫ್ರಿಕ, ಗುರೆಳ್ಳಿನ ತವರು ಇಥಿಯೋಪಿಯದ ಬೆಟ್ಟಗಳು. ಸೆಟ್ಟಿಗಳ ಕಾಲಕ್ಕೆ ಅವು ಬಂದು ಬಹುಕಾಲವಾಗಿದ್ದುದರಿಂದ ಯಾರೂ ಅವುಗಳ ಊರು ಕೇಳುತ್ತಿರಲಿಲ್ಲ. ಇಂದು ಈ ಅಜ್ಜಿಗೆ ಮೆಣಸಿನಕಾಯಿಯ ಊರು ಕೇಳಬೇಕೆಂದು ತೋರದಿರುವಂತೆಯೇ. ತಾಟಿನಲ್ಲಿ ನಿಸ್ಸಂದೇಹವಾಗಿ ಈ ದೇಶದ್ದೆಂದು ಹೇಳಬಹುದಾದವು ಬದನೆ, ಹೆಸರುಕಾಳು.

ಮಗಧದಿಂದ ಬಂದ ಬುದ್ಧನಿಗೂ ಈ ಊರು ಎರಡು ಮನೆ ಕಟ್ಟಿಕೊಟ್ಟಿತ್ತು. ಆ ಅತಿಥಿ ಮಾತ್ರ ಎದ್ದು ಹೋದ. ಇಲ್ಲಿ ಒಂದು ಕಾಲಕ್ಕೆ ವಿಹಾರವಿತ್ತು ಗೊತ್ತೇ ಎಂದು ಕೇಳಿದ್ದಕ್ಕೆ ಅಜ್ಜಿ, "ಏನೋಪಾ, ನಮ್ಮ ಹಿರೇರು ಹೇಳಿಲ್ಲ," ಎಂದು ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಹದಿನಾರು ಮಂದಿ ಸೇರಿ ಕಟ್ಟಿಸಿದ ವಿಹಾರದ ವಿಷಯ ಊರಿನ ನಾಲಗೆಯ ಮೇಲೆ ಉಳಿಯಲಿಲ್ಲ. ಹಡಗಿನ ಮೂಲೆಯಲ್ಲಿ ಬಂದ ಒಂದು ಕಾಯಿ ಉಳಿಯಿತು. ಇದರಲ್ಲಿ ಯಾರ ತಪ್ಪೂ ಇಲ್ಲವಾದರೂ ನನಗೆ ಆ ಕ್ಷಣ ಮನಸ್ಸು ಸ್ವಲ್ಪ ಭಾರವಾದದ್ದು ನಿಜ.

"ಇನ್ನೊಂದ್ ರೊಟ್ಟಿ ಹಾಕ್ಲ್ಯಾ?" ಎಂದಳು. ಹಾಕಿಸಿಕೊಂಡೆ. ಹಣ ಕೊಟ್ಟು ಹೊರಡುವಾಗ ಒಂದು ಪೊಟ್ಟಣ ಗುರೆಳ್ಳು ಚಟ್ನಿ ಕಟ್ಟಿಕೊಟ್ಟು, "ಊರಿಗೆ ಹೋಗಿ ತುಪ್ಪ ಹಾಕ್ಕೊಂಡು ತಿನ್ರಿ, ಖಾರ ಜಾಸ್ತಿ ಐತಿ," ಎಂದು ಎಚ್ಚರಿಸಿದಳು.

ಬಸ್ಸಿನಲ್ಲಿ ಕುಳಿತು ಬೆಳಗಿನ ವಾಕ್ಯವನ್ನು ಹೊಡೆದುಹಾಕಿದೆ. ಗದಗಿನಲ್ಲಿ ರೈಲಿಗೆ ಇನ್ನೂ ಒಂದು ಗಂಟೆಯಿತ್ತು. ಅದೇ ಅಂಗಡಿಯ ಮುಂದೆ ನಿಂತು ಇನ್ನೆರಡು ಮಿರ್ಚಿ ಹೇಳಿದೆ.