ಮೈಸೂರು-ಕೊಡಗು ಗಡಿಯಲ್ಲಿ ಬೇಟೆಯ ರೈಫಲು: ಆಯ್ಕೆ ಮತ್ತು ಒಡೆತನದ ಚರಿತ್ರೆ

೧

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಹುಣಸೂರನ್ನು ದಾಟಿ ಪಿರಿಯಾಪಟ್ಟಣವನ್ನು ಮುಟ್ಟುವ ಮೊದಲು, ಕಂಪಲಾಪುರವೆಂಬ ಗ್ರಾಮವು ಸಿಕ್ಕುತ್ತದೆ. ಅದೇ ದಾರಿಯಲ್ಲಿ ಮುಂದುವರಿದರೆ ಕುಶಾಲನಗರದ ಬಳಿ ಕಾವೇರಿಯೇ ಗಡಿಯಾಗಿ ನಿಂತು, ಆಚೆಯ ದಡದಿಂದ ಕೊಡಗು ಮೊದಲಾಗುತ್ತದೆ. ದಕ್ಷಿಣಕ್ಕೆ, ಹುಣಸೂರು ಮತ್ತು ಹೆಗ್ಗಡದೇವನಕೋಟೆಗಳ ಕಡೆಗೆ, ನಾಗರಹೊಳೆಯ ಕಾಡು ಹಬ್ಬಿದೆ. ಕಾಡಿನ ಅಂಚಿನಲ್ಲಿ ಬೇಸಾಯ ಮಾಡುವ ಈ ಸೀಮೆಗೆ ಕೋವಿಯು ಹೊಸ ವಸ್ತುವಲ್ಲ. ಆದರೆ ಇಲ್ಲಿ ಯಾವ ಕೋವಿಯು ಯಾರ ಕೈಗೆ ಏಕೆ ಬಂದಿತೆಂಬುದನ್ನು ಚರಿತ್ರೆಯ ದೃಷ್ಟಿಯಿಂದ ವಿಚಾರಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಒಳ್ಳೆಯ ಬೇಟೆಯ ರೈಫಲನ್ನು ಆರಿಸುವುದು ಹೇಗೆಂದು ಬೇಟೆಗಾರನನ್ನು ಕೇಳಿದರೆ, ಅವನು ನಳಿಗೆ, ಬೋಲ್ಟು, ತೋಟಾ, ಮರ ಇವುಗಳ ಗುಣದೋಷಗಳನ್ನು ಹೇಳುವನು. ಅದು ಸರಿಯೇ. ಆದರೆ ನಮ್ಮ ನಾಡಿನಲ್ಲಿ ಕೊಳ್ಳುವವನ ಕಣ್ಣು ರೈಫಲಿನ ಮೇಲೆ ಬೀಳುವುದಕ್ಕೆ ಮೊದಲೇ ಕಾಯಿದೆಯು ಅರ್ಧ ಆಯ್ಕೆಯನ್ನು ಮುಗಿಸಿರುತ್ತಿತ್ತು. ಆದುದರಿಂದ ಇಂಥ ರೈಫಲು ಬೇಟೆಯ ಸಾಧನವಾಗಿರುವಂತೆಯೇ ಒಂದು ದಾಖಲೆಯೂ ಆಗಿದೆ. ಈ ಮಾತನ್ನು ಸ್ಥಾಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ವಸ್ತುವಿನ ಪರಿಚಯವನ್ನು ಮಾಡಿಕೊಳ್ಳೋಣ. ಹಳೆಯ ಕೇಪಿನ ಕೋವಿಗೆ ಮದ್ದು, ಚರೆ ಅಥವಾ ಗುಂಡುಗಳನ್ನು ಬಾಯಿಯಿಂದ ತುಂಬಿ ಗಜದಿಂದ ಜಡಿಯಬೇಕು. ತೋಟೆಕೋವಿಗೆ ಹಿಂಬದಿಯಿಂದ ತೋಟಾ ಇಟ್ಟರೆ ಸಾಕು. ಇವೆರಡರ ನಳಿಗೆಯ ಒಳಮೈಯೂ ಸಾಮಾನ್ಯವಾಗಿ ನುಣುಪಾಗಿರುತ್ತದೆ. ರೈಫಲಿನಲ್ಲಾದರೋ ಆ ಒಳಮೈಯಲ್ಲಿ ತಿರುಚಿದ ಗೀರುಗಳನ್ನು ಕೊರೆದಿರುವುದರಿಂದ ಗುಂಡು ಬುಗುರಿಯಂತೆ ತನ್ನ ಸುತ್ತ ತಾನು ತಿರುಗುತ್ತ ದೂರದವರೆಗೆ ನೇರವಾಗಿ ಹೋಗುತ್ತದೆ.

ಬೋಲ್ಟು ಎಂಬುದು ತೋಟಾದ ಹಿಂದೆ ನಳಿಗೆಯನ್ನು ಮುಚ್ಚುವ ಉಕ್ಕಿನ ಅಗುಳಿ. ಅದನ್ನು ಮೇಲಕ್ಕೆ ತಿರುಗಿಸಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಗೆ ಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಕ್ಕೆ ತಿರುಗಿಸಿದರೆ ಹೊಸ ತೋಟಾ ಕೂತು ಬಾಗಿಲು ಭದ್ರವಾಗುತ್ತದೆ. ೧೮೮೬ರಲ್ಲಿ ಫ್ರಾನ್ಸಿನ ಸೈನ್ಯವು ಹೊಗೆಯಿಲ್ಲದ ಮದ್ದಿನ ರೈಫಲನ್ನು ಬಳಕೆಗೆ ತಂದ ಮೇಲೆ, ಸಣ್ಣ ರಂಧ್ರದ, ಹೆಚ್ಚು ವೇಗದ ರೈಫಲುಗಳು ಎಲ್ಲೆಡೆ ಹಬ್ಬಿದುವು. ಇಂಗ್ಲೆಂಡಿನಲ್ಲಿ ಜೇಮ್ಸ್ ಪ್ಯಾರಿಸ್ ಲೀಯ ಬೋಲ್ಟು ೧೮೮೮ರಲ್ಲಿ ಸೈನ್ಯದ ರೈಫಲಿನಲ್ಲಿ ಸೇರಿತು. ಜರ್ಮನಿಯಲ್ಲಿ ಪಾಲ್ ಮೌಸರನು ೧೮೯೮ರ ಮಾದರಿಯನ್ನು ಸಿದ್ಧಗೊಳಿಸಿದನು. ಮೌಸರ್ ಬೋಲ್ಟಿನ ಮುಖ್ಯ ಹಲ್ಲುಗಳೆರಡೂ ಮುಂಭಾಗದಲ್ಲಿ, ತೋಟಾದ ಸಮೀಪದಲ್ಲಿಯೇ ಕಚ್ಚಿಕೊಳ್ಳುವುದರಿಂದ ಅದು ಹೆಚ್ಚಿನ ಒತ್ತಡವನ್ನು ತಾಳುತ್ತದೆ. ಅದರ ಉದ್ದನೆಯ ಕೊಕ್ಕೆಯು ತೋಟಾವನ್ನು ಮೊದಲಿನಿಂದಲೂ ಹಿಡಿದುಕೊಂಡಿರುತ್ತದೆ. ಲೀಯ ಬೋಲ್ಟಿನ ಹಲ್ಲುಗಳು ಹಿಂಭಾಗದಲ್ಲಿವೆ. ಒತ್ತಡವನ್ನು ತಾಳುವುದರಲ್ಲಿ ಅದು ಒಂದು ಮೆಟ್ಟಿಲು ಕೆಳಗಾದರೂ ಕೈಗೆ ಸಲೀಸು, ಚಲನೆಯಲ್ಲಿ ಚುರುಕು. ಸೈನಿಕನಿಗಾಗಿ ಹುಟ್ಟಿದ ಈ ಎರಡು ವಂಶಗಳಿಂದಲೇ ನಮ್ಮ ಕಾಡುಗಳ ಬೇಟೆಯ ಬೋಲ್ಟು ರೈಫಲುಗಳಲ್ಲಿ ಹೆಚ್ಚಿನವು ಬಂದುವು.

೩

ಸೈನ್ಯದ ವಂಶದಲ್ಲಿ ಹುಟ್ಟಿದುದೇ ಇದರ ತೊಡಕಿಗೂ ಕಾರಣವಾಯಿತು. ೧೮೫೭ರ ದಂಗೆಯ ತರುವಾಯ ಬ್ರಿಟಿಷ್ ಸರ್ಕಾರವು ಪ್ರಜೆಗಳ ಕೈಯಲ್ಲಿದ್ದ ಆಯುಧಗಳನ್ನು ಸಂದೇಹದಿಂದ ನೋಡತೊಡಗಿತು. ಲಿಟ್ಟನ್ನನ ಕಾಲದಲ್ಲಿ ೧೮೭೮ರ ಆಯುಧ ಕಾಯಿದೆಯು ಜಾರಿಗೆ ಬಂದಿತು. ೧೮೮೧ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಕ್ಕೆ ಒಪ್ಪಿಸಿದಾಗಲೂ, ಗವರ್ನರ್ ಜನರಲರ ಅನುಮತಿಯಿಲ್ಲದೆ ಆಯುಧಗಳನ್ನು ಆಮದು ಮಾಡಕೂಡದು, ಗವರ್ನರ್ ಜನರಲರು ಕೇಳಿದಾಗ ರಾಜ್ಯದಲ್ಲಿ ಆಯುಧಗಳ ತಯಾರಿಕೆಯನ್ನು ನಿಷೇಧಿಸತಕ್ಕದ್ದು ಎಂಬ ಷರತ್ತುಗಳು ಒಪ್ಪಂದದಲ್ಲಿದ್ದುವು. ಟಿಪ್ಪುವಿನ ಕಾಲದಲ್ಲಿ ತನ್ನ ಬಂದೂಕುಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ ನಾಡು, ನೂರು ವರ್ಷ ಕಳೆಯುವುದರೊಳಗೆ ಅವುಗಳ ತಯಾರಿಕೆಯಲ್ಲಿಯೂ ಪರರ ಅಂಕೆಗೆ ಒಳಪಟ್ಟ ಸ್ಥಿತಿಗೆ ಬಂದಿತು.

ಇದಕ್ಕಿಂತಲೂ ಸೂಕ್ಷ್ಮವಾದುದು ರಂಧ್ರದ ಅಳತೆಯ ನಿಷೇಧ. ಸೈನ್ಯದ ತೋಟಾ ಸೇರುವ ರೈಫಲು ಪ್ರಜೆಯ ಬಳಿ ಇರಬಾರದೆಂಬುದು ಸರ್ಕಾರದ ನೀತಿ. ಆದುದರಿಂದ .೩೦೩ ಸಾಮಾನ್ಯ ಪರವಾನಗಿದಾರನಿಗೆ ನಿಷಿದ್ಧವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ .೪೫೦ ಅಳತೆಯ ರೈಫಲುಗಳ ಆಮದನ್ನೂ ಇಂಡಿಯಾದಲ್ಲಿ ತಡೆಯಲಾಯಿತು. ಕೂಡಲೇ ಇಂಗ್ಲೆಂಡಿನ ಕೋವಿ ತಯಾರಕರು .೪೭೦, .೪೬೫ ಮೊದಲಾದ ಬೇರೆ ಅಳತೆಗಳನ್ನು ಮುಂದಿಟ್ಟರು. ಆನೆ, ಕಾಟಿಗಳ ಬೇಟೆಗೆ ಪ್ರಸಿದ್ಧವಾದ ಈ ಅಳತೆಗಳು ಬಳಕೆಗೆ ಬಂದುದಕ್ಕೆ ಪ್ರಾಣಿಗಳ ಸ್ವಭಾವಕ್ಕಿಂತ ಕಾಯಿದೆಯ ಅಕ್ಷರವೇ ಹೆಚ್ಚು ಕಾರಣವೆಂಬುದನ್ನು ಗಮನಿಸಬೇಕು.

ಸಾಮಾನ್ಯ ಪರವಾನಗಿದಾರನ ಪಾಲಿಗೆ ಬಂದುದು .೩೧೫. ಇದರ ತೋಟಾ ಆಸ್ಟ್ರಿಯದ ಮಾನ್ಲಿಕರ್ ರೈಫಲಿನದು, ಎಂಟು ಮಿಲಿಮೀಟರಿನ ಅಳತೆಯದು. ಇಂಗ್ಲಿಷರ ಅಂಗುಲದ ಲೆಕ್ಕದಲ್ಲಿ ಅದಕ್ಕೆ ಈ ಹೆಸರು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಸಂಸ್ಥೆಯು ಲೀ ಬೋಲ್ಟಿಗೆ ಈ ತೋಟಾವನ್ನು ಹೊಂದಿಸಿ ಇಂಡಿಯಾದ ಮಾರುಕಟ್ಟೆಗೆ ಕಳುಹಿಸಿತು. ಮುಂದೆ ಬಂಗಾಳದ ಇಶಾಪುರದ ಸರ್ಕಾರಿ ರೈಫಲು ಕಾರ್ಖಾನೆಯೇ .೩೧೫ ಬೇಟೆಯ ರೈಫಲನ್ನು ತಯಾರಿಸಿತು. ಸೈನ್ಯದ ಅಣ್ಣ .೩೦೩, ಪ್ರಜೆಯ ತಮ್ಮ .೩೧೫: ಬೋಲ್ಟಿನ ವಂಶವೊಂದೇ; ಒಬ್ಬನ ತೋಟಾ ಮಾತ್ರ ಇನ್ನೊಬ್ಬನಿಗೆ ಸಲ್ಲದು.

ಹೊರನಾಡಿನ ಪ್ರಸಿದ್ಧ ರೈಫಲೊಂದು ಈ ಮಾತನ್ನು ಇನ್ನಷ್ಟು ವಿಶದಪಡಿಸುತ್ತದೆ. ೧೯೦೭ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಬಹುಮಾನವಾಗಿ ಬಂದ .೨೭೫ ರಿಗ್ಬಿಯು ಮೌಸರ್ ಬೋಲ್ಟಿನದೇ; .೨೭೫ ಎಂಬುದು ಜರ್ಮನಿಯ ಏಳು ಮಿಲಿಮೀಟರ್ ತೋಟಾಕ್ಕೆ ಇಂಗ್ಲಿಷರು ಇಟ್ಟ ಹೆಸರು. ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಆಪ್ತನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸುತ್ತಿದ್ದುದು .೪೦೫ ವಿಂಚೆಸ್ಟರ್, ಅದು ಬೋಲ್ಟಿನದಲ್ಲ, ಕೈಸನ್ನೆಯಿಂದ ನಡೆಯುವಂಥದು. ಇವೆರಡರಲ್ಲಿ ಯಾವುದೂ .೩೦೩ ಅಲ್ಲ, .೪೫೦ ಅಲ್ಲ.

೪

ಕಾಯಿದೆಯು ಬಿಟ್ಟುಕೊಟ್ಟ ಉಳಿದರ್ಧದಲ್ಲಿ ಕೊಳ್ಳುವವನ ವಿವೇಕಕ್ಕೆ ಎಡೆಯಿತ್ತು. ನಾಗರಹೊಳೆಯ ಬಿದಿರುಮೆಳೆಗಳಲ್ಲಿಯೂ ಲಂಟಾನದ ಪೊದೆಗಳಲ್ಲಿಯೂ ದೂರದ ಈಡಿಗೆ ಅವಕಾಶ ಕಡಿಮೆ. ಪ್ರಾಣಿಯು ಹತ್ತಿರದಲ್ಲಿಯೇ ಎದುರಾಗುತ್ತದೆ. ಇಲ್ಲಿ ಬೇಕಾದುದು ಬೇಗ ಭುಜಕ್ಕೇರುವ ಹಗುರವಾದ ರೈಫಲು, ತೂಕದ ಗುಂಡು, ಸರಳವಾದ ಗುರಿಕಟ್ಟು. ಜಿಂಕೆ, ಹಂದಿಗಳಿಗೆ ಸಾಕಾಗುವ ಅಳತೆಯು ಕಾಟಿಗೆ ಸಾಲದು. ೧೯೧೨ರಲ್ಲಿ ಬಂದ .೩೭೫ ಮ್ಯಾಗ್ನಮ್ ದೊಡ್ಡ ಪ್ರಾಣಿಗಳಿಗೂ ಒದಗುವ ಬೋಲ್ಟು ರೈಫಲೆಂದು ಹೆಸರಾಯಿತು. ಆದರೂ ಎರಡನೆಯ ಈಡು ಕ್ಷಣದಲ್ಲಿ ಬೇಕಾದೆಡೆ, ಹಣವುಳ್ಳವರು ಜೋಡುನಳಿಗೆಯ ರೈಫಲನ್ನೇ ಮೆಚ್ಚಿದರು. ಬೋಲ್ಟನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವಷ್ಟು ಕಾಲವನ್ನು ಗಾಯಗೊಂಡ ಕಾಟಿಯು ಕೊಡುವುದಿಲ್ಲ.

ಹಳೆಯ ರೈಫಲನ್ನು ಪರೀಕ್ಷಿಸುವ ಕ್ರಮವೂ ಹೇಳತಕ್ಕದ್ದಾಗಿದೆ. ಮೊದಲು ತೋಟಾ ಇಲ್ಲವೆಂದು ಖಚಿತ ಮಾಡಿಕೊಂಡು, ಬೋಲ್ಟನ್ನು ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಗೀರುಗಳ ಅಂಚು ಹರಿತವಾಗಿ ಹೊಳೆಯುತ್ತಿದ್ದರೆ ಉತ್ತಮ, ತುಕ್ಕಿನ ಗುಳಿಗಳಿದ್ದರೆ ಗುರಿ ಕೆಡುತ್ತದೆ. ಬೋಲ್ಟಿನ ಮೇಲಿನ ಸಂಖ್ಯೆಯೂ ಒಡಲಿನ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಯಾರೋ ಬೋಲ್ಟನ್ನು ಬದಲಿಸಿದ್ದಾರೆಂದೇ ತಿಳಿಯಬೇಕು. ಹಲ್ಲುಗಳು ಸವೆದಿದ್ದರೆ ಬೀಗವು ಸಡಿಲವಾಗಿ ಹೊಡೆಯುವವನ ಮುಖಕ್ಕೇ ಅಪಾಯ.

ಮಳೆಗಾಲವು ಈ ಸೀಮೆಯ ರೈಫಲಿಗೆ ದೊಡ್ಡ ಶತ್ರು. ಹಳೆಯ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕವು ಈಡಾದ ಮೇಲೆ ನಳಿಗೆಯಲ್ಲಿ ಉಪ್ಪಿನಂಥ ಶೇಷವನ್ನು ಬಿಡುತ್ತಿತ್ತು. ಅದು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುವುದು. ಎಣ್ಣೆಯಿಂದ ಉಪ್ಪು ಕರಗದು. ಆದುದರಿಂದ ಕುದಿಯುವ ನೀರನ್ನು ನಳಿಗೆಯೊಳಗೆ ಹಾಯಿಸಿ, ಒರಸಿ, ಒಣಗಿದ ಮೇಲೆ ಎಣ್ಣೆ ಸವರುವುದು ಪದ್ಧತಿಯಾಗಿತ್ತು. ಒಳ್ಳೆಯ ರೈಫಲನ್ನು ಕೊಳ್ಳಲು ಹಣ ಸಾಕು. ಅದನ್ನು ಒಳ್ಳೆಯದಾಗಿಯೇ ಉಳಿಸಿಕೊಳ್ಳಲು ಶ್ರದ್ಧೆ ಬೇಕು.

೫

ಇನ್ನು ಒಡೆತನದ ವಿಚಾರ. ಕಾವೇರಿಯ ಎರಡು ದಡಗಳಲ್ಲಿ ಒಡೆತನದ ಅರ್ಥವೇ ಬೇರೆಯಾಗಿತ್ತು. ೧೮೩೪ರಲ್ಲಿ ಬ್ರಿಟಿಷರ ವಶವಾದ ಕೊಡಗಿನಲ್ಲಿ, ೧೮೫೭ರ ಕಾಲದ ನಿಷ್ಠೆಗೆ ಪ್ರತಿಫಲವೆಂದು ೧೮೬೧ರಲ್ಲಿ ಮಾರ್ಕ್ ಕಬ್ಬನ್ನನು ಕೊಡವರಿಗೆ ನಿರಾಯುಧೀಕರಣದ ಕಾಯಿದೆಯಿಂದ ವಿನಾಯಿತಿಯನ್ನು ಘೋಷಿಸಿದನು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ ಜನರಿಗೆ ಅದು ಮನೆತನದ ಹಕ್ಕಾಗಿ ಉಳಿಯಿತು. ಈಚೆಯ ದಡದ ಪಿರಿಯಾಪಟ್ಟಣದ ರೈತನಿಗೆ ಅದೇ ಕೋವಿಯು ಪರವಾನಗಿಯ ವಸ್ತು. ೧೯೫೬ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿ ರಾಜ್ಯದ ಗಡಿಯು ಜಿಲ್ಲೆಯ ಗಡಿಯಾದರೂ ಈ ಭೇದವು ಅಳಿಯಲಿಲ್ಲ. ೧೯೬೩ರ ಅಧಿಸೂಚನೆಯು ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿಯನ್ನು ಮುಂದುವರಿಸಿತು. ೨೦೧೯ರಲ್ಲಿ ಅದನ್ನು ೨೦೨೯ರ ವರೆಗೆ ವಿಸ್ತರಿಸಲಾಯಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಈಚೆಯ ದಡಕ್ಕೆ ಅನ್ವಯವಾಗುವ ೧೯೫೯ರ ಆಯುಧ ಕಾಯಿದೆಯು ಇನ್ನೊಂದು ಗೆರೆಯನ್ನು ಎಳೆಯಿತು. ಬೆಳೆಯ ರಕ್ಷಣೆಗೆಂದು ರೈತನು ಕೇಳಿದರೆ ಬಾಯಿಯಿಂದ ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿ. ರೈಫಲಿಗೆ ಮಾತ್ರ ತಕ್ಕ ಕಾರಣವಿದೆಯೆಂದು ಅಧಿಕಾರಿಯು ಒಪ್ಪಬೇಕು. ಹೀಗೆ ನಳಿಗೆಯೊಳಗಿನ ಗೀರುಗಳೇ ಅಂತಸ್ತಿನ ಗುರುತಾದುವು.

೬

ಈ ಎಲ್ಲ ಭೇದಗಳ ಮೇಲೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಿತು. ಮೈಸೂರಿನಲ್ಲಿ ೧೯೦೧ರ ನಿಬಂಧನೆಯು ಬೇಟೆಯನ್ನು ಹತೋಟಿಯಲ್ಲಿಟ್ಟಿತ್ತೇ ಹೊರತು ನಿಲ್ಲಿಸಿರಲಿಲ್ಲ; ಹೊಸ ಕಾಯಿದೆಯಲ್ಲಿಯೂ ಮೊದಲಿಗೆ ಪರವಾನಗಿಯ ಬೇಟೆಗೆ ಎಡೆಯಿತ್ತು. ೧೯೯೧ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ೧೯೫೫ರಲ್ಲಿ ಅಭಯಾರಣ್ಯವಾಗಿ ಆರಂಭವಾದ ನಾಗರಹೊಳೆಯು ಈಗ ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ. ಬೇಟೆಯು ನಿಂತಿತು, ರೈಫಲು ಉಳಿಯಿತು.

ಇದೇ ಕಾಯಿದೆಯ ೩೪ನೆಯ ವಿಧಿಯನ್ನು ಚರಿತ್ರೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅಭಯಾರಣ್ಯದಿಂದ ಹತ್ತು ಕಿಲೋಮೀಟರುಗಳ ಒಳಗೆ ವಾಸಿಸುತ್ತ ಆಯುಧವುಳ್ಳ ಪ್ರತಿಯೊಬ್ಬನೂ, ಪರವಾನಗಿದಾರನಾಗಿರಲಿ, ಪರವಾನಗಿಯಿಂದ ವಿನಾಯಿತಿ ಪಡೆದವನಾಗಿರಲಿ, ಹೆಸರನ್ನು ನೋಂದಾಯಿಸಬೇಕೆಂದು ಅದು ವಿಧಿಸುತ್ತದೆ. ೧೮೬೧ರ ಘೋಷಣೆಯು ನದಿಯ ಎರಡು ದಡಗಳಲ್ಲಿ ಬೇರೆಯಾಗಿಸಿದವರನ್ನು ಕಾಡಿನ ಕಾಯಿದೆಯು ಒಂದೇ ಪಟ್ಟಿಯಲ್ಲಿ ಕೂಡಿಸಿತು. ಆಯುಧವು ರಾಜ್ಯಕ್ಕೆ ಅಪಾಯವೆಂಬುದು ಹಿಂದಿನ ಭಯ. ಕಾಡಿಗೆ ಅಪಾಯವೆಂಬುದು ಈಗಿನ ಎಚ್ಚರ. ಕಾಯಿದೆಯ ಹಿಂದಿನ ಮನಸ್ಸು ಎಷ್ಟು ಬದಲಾಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಬೇಟೆ ನಿಂತುದಕ್ಕೆ ನಾವು ಮರುಗುವುದಿಲ್ಲ. ಆದರೆ ಹೊಲಕ್ಕೆ ಆನೆ, ಹಂದಿಗಳು ನುಗ್ಗಿದಾಗ ಕಾಡಂಚಿನ ರೈತನ ಸಂಕಟವು ಇಂದಿಗೂ ತೀರಿಲ್ಲವೆಂಬುದನ್ನು ಮರೆಯಲಾಗದು.

ಕೊನೆಯದಾಗಿ ಒಂದು ಮಾತು. ೨೦೧೯ರ ತಿದ್ದುಪಡಿಯು ಒಬ್ಬನ ಬಳಿ ಇರಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು; ಪಿತ್ರಾರ್ಜಿತವಾಗಿ ಬಂದವೂ ಈ ಲೆಕ್ಕಕ್ಕೆ ಸೇರುತ್ತವೆ. ಪರವಾನಗಿ ಮುಗಿದ ಆಯುಧವನ್ನು ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕು. ಅವಧಿಯೊಳಗೆ ವಿಲೇವಾರಿಯಾಗದಿದ್ದರೆ ಅದು ಸರ್ಕಾರಕ್ಕೆ ಸೇರಬಹುದು. ಇದು ನ್ಯಾಯವೇ. ಆದರೆ ಹಾಗೆ ಹೋಗುವ ಪ್ರತಿಯೊಂದು ಹಳೆಯ ರೈಫಲಿನೊಂದಿಗೆ ತಯಾರಕನ ಹೆಸರು, ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ, ರಂಧ್ರದ ಅಳತೆ ಇವೂ ಹೋಗುತ್ತವೆ. ಮನೆಯ ಪೆಟ್ಟಿಗೆಯಲ್ಲಿನ ಪರವಾನಗಿ ಪುಸ್ತಕವು ಗೆದ್ದಲಿಗೆ ಆಹಾರವಾಗುತ್ತದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಡೆಯರ ಒಪ್ಪಿಗೆಯನ್ನು ಪಡೆದು, ಅವರ ಹೆಸರು ವಿಳಾಸಗಳನ್ನು ಪ್ರಕಟಿಸದೆ, ಈ ಮುದ್ರೆಗಳನ್ನೂ ಪುಸ್ತಕಗಳ ಒಕ್ಕಣೆಯನ್ನೂ ನಕಲು ಮಾಡಿಡಬಹುದು. ಶಾಸನದ ಕಲ್ಲನ್ನು ಓದಲು ಕಲಿತ ನಾವು ಉಕ್ಕಿನ ಮೇಲಿನ ಬರಹವನ್ನೂ ಓದಲು ಕಲಿಯಬೇಕು. ಕಲ್ಲು ಹೊಲದಲ್ಲಿ ನಮಗಾಗಿ ಕಾದಿರುತ್ತದೆ, ಉಕ್ಕು ಕಾಯುವುದಿಲ್ಲ.