ಕಿತ್ತೂರು ಅರಮನೆ

ಕಿತ್ತೂರು ಅರಮನೆಯು ಬೆಳಗಾವಿ ಜಿಲ್ಲೆಯ ಕಿತ್ತೂರು ಕೋಟೆಯೊಳಗಿರುವ, ಪಾಳುಬಿದ್ದ ಐತಿಹಾಸಿಕ ವಾಸಗೃಹ ಹಾಗೂ ಸಂರಕ್ಷಿತ ಸ್ಮಾರಕ. ಇದು ರಾಣಿ ಚೆನ್ನಮ್ಮನ ನಿವಾಸವಾಗಿತ್ತು. 1824ರ ಯುದ್ಧದಿಂದ ಇದರ ಹೆಸರು ಮನೆಮಾತಾಗಿದ್ದರೂ, ಒಂದು ದೇಸಗತಿ ಮನೆತನದ ದಿನಬಳಕೆಯ ವ್ಯವಸ್ಥೆಯನ್ನು ತಿಳಿಸುವ ಕಟ್ಟಡವೆಂಬ ದೃಷ್ಟಿಯಿಂದಲೂ ಇದು ಮುಖ್ಯವಾದುದು.

ಹಿನ್ನೆಲೆ

ಕಿತ್ತೂರು ದೇಸಾಯರ ಮೊದಲ ಕೇಂದ್ರ ಸಂಪಗಾವಿ. ಐದನೆಯ ದೊರೆ ಅಲ್ಲಪ್ಪಗೌಡ ಸರದೇಸಾಯಿಯು (ಆಳ್ವಿಕೆ 1660–1691) ರಾಜಧಾನಿಯನ್ನು ಕಿತ್ತೂರಿಗೆ ವರ್ಗಾಯಿಸಿ ಕೋಟೆಯನ್ನೂ ಅರಮನೆಯನ್ನೂ ಕಟ್ಟಿಸಿದನು. ಬೈಲಹೊಂಗಲ, ಮುರಗೋಡ, ಸವದತ್ತಿ ಭಾಗದಲ್ಲಿ ಇಂಥ ದೊಡ್ಡ ಮನೆಯನ್ನು ‘ವಾಡೆ’ ಎನ್ನುತ್ತಾರೆ. ಕಿತ್ತೂರು ಅರಮನೆಯನ್ನು ಅಂಥ ವಾಡೆಯ ವಿಸ್ತೃತ ರೂಪವೆಂದು ಭಾವಿಸಬಹುದು.

ವಾಸ್ತುರಚನೆ

ಪೂರ್ವಾಭಿಮುಖವಾದ ಅರಮನೆಯು ಸುಮಾರು 100 ಅಡಿ ಅಗಲ, 300 ಅಡಿ ಉದ್ದದ ನೆಲೆಯಲ್ಲಿದೆ. ಕಲ್ಲು, ಇಟ್ಟಿಗೆ ಹಾಗೂ ಸುಣ್ಣದ ಗಾರೆಯಿಂದ ಕಟ್ಟಿದ ದಪ್ಪ ಗೋಡೆಗಳಲ್ಲಿ ಕಮಾನಿನಾಕಾರದ ಗೂಡುಗಳಿವೆ. ಈ ಕಮಾನುಗಳಲ್ಲಿ ಆದಿಲ್‌ಶಾಹಿ ಶೈಲಿಯ ಪ್ರಭಾವ ಕಾಣುತ್ತದೆ. ಮುಂಭಾಗದ ಪಡಸಾಲೆಯನ್ನೂ ನಡುವಿನ ಸಭಾಂಗಣವನ್ನೂ ಸಾಗವಾನಿ ಕಂಬಗಳು ಹೊತ್ತಿದ್ದವು. ಕಂಬ, ತೊಲೆ, ಚಾವಣಿಗಳು ಈಗಿಲ್ಲ.

ಅರಮನೆಯಲ್ಲಿ ಹೆಚ್ಚು ಗಮನಾರ್ಹವಾದುದು ನೀರಿನ ವ್ಯವಸ್ಥೆ. ಅಡುಗೆಮನೆ, ಊಟದ ಕೋಣೆ ಹಾಗೂ ಸ್ನಾನಗೃಹಗಳು ಒಂದಕ್ಕೊಂದು ಹೊಂದಿಕೊಂಡಿವೆ. ಸ್ನಾನಗೃಹಗಳಲ್ಲಿ ಗಾರೆಯ ತೊಟ್ಟಿಗಳಿದ್ದು, ಬಿಸಿನೀರು, ತಣ್ಣೀರು ಹರಿಯಲು ಗೋಡೆ ಮತ್ತು ನೆಲದಲ್ಲಿ ಕಾಲುವೆಗಳನ್ನು ಅಳವಡಿಸಲಾಗಿದೆ. ಧ್ರುವ ನಕ್ಷತ್ರವನ್ನು ನೋಡಲು ಗೋಡೆಯಲ್ಲಿ ಬಿಟ್ಟಿರುವುದೆಂದು ಹೇಳಲಾಗುವ ಕಿಂಡಿಯೊಂದೂ ಇದೆ.

ಅವನತಿ

ದೊರೆ ಶಿವಲಿಂಗರುದ್ರಸರ್ಜನು 1824ರಲ್ಲಿ ತೀರಿಕೊಂಡಾಗ ಈಸ್ಟ್ ಇಂಡಿಯಾ ಕಂಪನಿಯು ದತ್ತಕವನ್ನು ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರ ಯುದ್ಧದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ಮರಣ ಹೊಂದಿದಳು.

ಸಂರಕ್ಷಣೆ

ಕೋಟೆಯ ಆವರಣದಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿಗಳನ್ನು ಕಾಣಬಹುದು. ಅರಮನೆಯ ಪ್ರತಿಕೃತಿಯನ್ನು ನಿರ್ಮಿಸುವ ಪ್ರಸ್ತಾವವೂ ಚರ್ಚೆಯಲ್ಲಿ ಬಂದಿದೆ. ಆದರೆ ಮರದ ಭಾಗವು ಬಹುಮಟ್ಟಿಗೆ ನಾಶವಾಗಿರುವುದರಿಂದ, ಅರಮನೆಯ ಮೂಲ ವಿನ್ಯಾಸಕ್ಕೆ ಸ್ಥಳದಲ್ಲಿ ಉಳಿದಿರುವ ನೇರ ಸಾಕ್ಷ್ಯವೆಂದರೆ ಮಳೆಗೆ ಬಯಲಾಗಿ ನಿಂತಿರುವ ಕೆಳಗಿನ ಗೋಡೆಗಳು, ತೊಟ್ಟಿಗಳು ಮತ್ತು ಕಾಲುವೆಗಳು.