ರಾಗಿಯ ತೌರುಮನೆ

ರಾಗಿಯಷ್ಟು ಅಭಿಮಾನದಿಂದ ‘ಇದು ನಮ್ಮದು’ ಎಂದು ನಾವು ಹೇಳಿಕೊಳ್ಳುವ ಧಾನ್ಯ ಬೇರೊಂದಿಲ್ಲ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದೊಡನೆ ವಾದಕ್ಕೆ ನಿಲ್ಲಿಸಿ ಗೆಲ್ಲಿಸಿದ್ದೂ ಇದನ್ನೇ. ಆದರೆ ರಾಗಿಯ ತೌರುಮನೆ ಪೂರ್ವ ಆಫ್ರಿಕದ ಎತ್ತರದ ಸೀಮೆ. ನಮ್ಮ ನಾಡಿಗೆ ಅದು ಬಹು ಹಿಂದೆ ಬಂದು ನೆಲೆಸಿದ ಸೊಸೆ.

ಮರೆತುಹೋಗಿದ್ದ ಆ ನಂಟನ್ನು ಮತ್ತೆ ಬೆಸೆದವರು ಸಿ. ಎಚ್. ಲಕ್ಷ್ಮಣಯ್ಯನವರು. ಕೆಂಗೇರಿಯನ್ನು ಹಾದುಹೋಗುವ ಮೈಸೂರು ರಸ್ತೆ ಮುಟ್ಟುವ ಮಂಡ್ಯದಲ್ಲಿ, ವಿ. ಸಿ. ಫಾರಂನಲ್ಲಿ, ಅವರು ಇಲ್ಲಿಯ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿದರು. ಅದೇನೂ ಸುಲಭದ ಕೆಲಸವಲ್ಲ. ರಾಗಿಯ ಹೂ ಅತಿ ಸಣ್ಣದು. ಗಂಡೂ ಹೆಣ್ಣೂ ಒಂದರಲ್ಲೇ ಇರುವುದರಿಂದ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳುಕಟ್ಟುತ್ತದೆ. ಅಲ್ಲಿಗೆ ಹೊರಗಿನ ಪರಾಗವನ್ನು ಸೇರಿಸಲು ಅಪಾರ ತಾಳ್ಮೆ ಬೇಕು. ಹೀಗೆ ಹುಟ್ಟಿದ ತಳಿಗಳಿಗೆ ಇಂಡಿಯ, ಆಫ್ರಿಕ ಎರಡೂ ಕೂಡಿದ ‘ಇಂಡಾಫ್’ ಎಂಬ ಹೆಸರಾಯಿತು. 1970ರ ದಶಕದಲ್ಲಿ ಅವು ಹೊಲಗಳಿಗೆ ಹರಡಿ ಇಳುವರಿ ಹೆಚ್ಚಿಸಿದವು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು.

2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಎಂ. ಎಲ್. 365 ಎಂಬ ರಾಗಿ ತಳಿಯ ಜೀನೋಮಿನ, ಎಂದರೆ ಅದರ ವಂಶವಾಹಿಗಳ ಒಟ್ಟು ಬರಹದ, ಕರಡನ್ನು ಪ್ರಕಟಿಸಿದರು. ಬರ ತಾಳುವ ಗುಣದ ಮೂಲವನ್ನು ಹುಡುಕಲು ಇದೊಂದು ದಾರಿದೀಪ. ರಾಗಿಯ 36 ವರ್ಣತಂತುಗಳಾದರೂ ಎರಡು ಬೇರೆ ಹುಲ್ಲುಗಳ ಮನೆತನಗಳಿಂದ ಕೂಡಿಬಂದವು. ಹುಟ್ಟಿನಲ್ಲೇ ಬೆರಕೆಯಾದ ಧಾನ್ಯದ ಮೇಲೆ ಶುದ್ಧಿಯ ಹೆಮ್ಮೆ ಹೊರಿಸುವುದು ಸಲ್ಲದು. ನಮ್ಮ ನಾಟಿ ತಳಿಗಳನ್ನೂ ದೂರದ ಬಂಧುಗಳ ಬೀಜವನ್ನೂ ಒಂದೇ ಕಣಜದಲ್ಲಿ ಕಾಯುವುದು ಲೇಸು. ಮುಂದಿನ ಬರಕ್ಕೆ ಯಾವುದು ಒದಗುವುದೋ ಬಲ್ಲವರಾರು?